ನಳದ ನೀರಿನ ಒತ್ತಡ: ಅಳೆಯುವ ಬಗೆ, ತಗ್ಗಿಸುವ ಬಗೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಹಾಗೂ ಕಲಘಟಗಿ ತಾಲ್ಲೂಕುಗಳಲ್ಲಿ ನೀರಿನ ಮಾತು ಬಂದರೆ ಅದು ಹೆಚ್ಚಾಗಿ ಕೊರತೆಯ ಮಾತೇ ಆಗಿರುತ್ತದೆ. ಎರೆ ಭೂಮಿಯ ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಅಂತರ್ಜಲ ಬಹುಪಾಲು ಸವಳು. ಆದ್ದರಿಂದ ಜನರು ಕೆರೆಯನ್ನೂ, ಮಲಪ್ರಭೆಯ ಕಾಲುವೆಯಿಂದ ಆ ಕೆರೆಗೆ ಬಂದು ಬೀಳುವ ನೀರನ್ನೂ ನೆಚ್ಚಿಕೊಂಡೇ ಬದುಕಿದ್ದಾರೆ, ನವಲಗುಂದದ ನೀಲಮ್ಮನ ಕೆರೆಯ ಹೆಸರು ಇಂದಿಗೂ ಆದರದಿಂದ ಬಳಕೆಯಲ್ಲಿರುವುದಕ್ಕೆ ಇದೇ ಕಾರಣ. ಇಂಥ ಕಡೆ ನೀರಿನ ಒತ್ತಡ ಹೆಚ್ಚಾಯಿತೆಂಬ ದೂರು ವಿಚಿತ್ರವೆನಿಸಬಹುದು. ಆದರೆ 2019ರ ಆಗಸ್ಟ್ 15ರಂದು ಘೋಷಣೆಯಾಗಿ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಜಾರಿಗೆ ಬಂದ ಜಲಜೀವನ್ ಮಿಷನ್, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಳದಲ್ಲೇ ಕೊಡುವ ಗುರಿ ಇಟ್ಟುಕೊಂಡಿರುವುದರಿಂದ, ಮನೆಯೊಳಗಿನ ಪೈಪುಗಳ ಸ್ಥಿತಿಗತಿ ಹಳ್ಳಿಗಳಲ್ಲಿಯೂ ವಿಚಾರದ ವಿಷಯವಾಗಿದೆ. ಬಚ್ಚಲು, ಅಡುಗೆಮನೆ, ಶೌಚಾಲಯಗಳಿಗೆ ಪೈಪು ಹಾಯಿಸಿಕೊಂಡ ಮನೆಗಳಲ್ಲಿ ನಳದ ವಾಷರ್ ಕೆಲವೇ ತಿಂಗಳಿಗೆ ಸವೆಯುವುದು, ಎಲ್ಬೋ ಕೂಡಿದಲ್ಲಿ ಬಿರುಕು ಬಿಡುವುದು, ನಳ ಬಂದ್ ಮಾಡಿದೊಡನೆ ಗೋಡೆಯೊಳಗಿನ ಪೈಪು ಬಡಿದುಕೊಳ್ಳುವುದು, ಗೀಜರಿನ ವಾಲ್ವ್ ತೊಟ್ಟಿಕ್ಕುವುದು ಸಾಮಾನ್ಯವಾಗಿ ಕಂಡುಬರುತ್ತವೆ. ಇವುಗಳ ತಪ್ಪನ್ನು ಸಾಮಗ್ರಿಯ ಮೇಲೋ ಪ್ಲಂಬರಿನ ಮೇಲೋ ಹೊರಿಸುವುದು ರೂಢಿಯಾದರೂ, ಹಲವು ಸಲ ಅದಕ್ಕೆ ಕಾರಣವಾಗಿರುವುದು ಒತ್ತಡ.

ಒತ್ತಡವೆಂದರೆ ನೀರು ಪೈಪಿನ ಒಳಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹಾಕುವ ಬಲ. ಪ್ಲಂಬರ್‌ಗಳೂ ಮೋಟಾರು ರಿಪೇರಿಯವರೂ ಇದನ್ನು ‘ಇಷ್ಟು ಕೆಜಿ ಪ್ರೆಷರ್’ ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋಗ್ರಾಂ ಎಂಬ ಅಳತೆ. ನೀರಿನ ಮಟ್ಟ ನಳಕ್ಕಿಂತ 10 ಮೀಟರ್ ಮೇಲಿದ್ದರೆ ನಳದಲ್ಲಿ ಸುಮಾರು 1 ಕೆಜಿ ಒತ್ತಡ ಇರುತ್ತದೆ. ಗೇಜಿನ ಮೇಲೆ ಪಿಎಸ್‌ಐ ಎಂಬ ಅಳತೆ ಇದ್ದರೆ ಅಷ್ಟೇ ಒತ್ತಡವನ್ನು ಅದು 14.2 ಎಂದು ತೋರಿಸುತ್ತದೆ. ಪೈಪು ದಪ್ಪವಾದಷ್ಟೂ ಒತ್ತಡ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು, ಏಕೆಂದರೆ ನಿಂತ ನೀರಿನ ಒತ್ತಡವನ್ನು ನಿರ್ಧರಿಸುವುದು ಎತ್ತರ ಮಾತ್ರ. ಪೈಪಿನ ದಪ್ಪ ನಿರ್ಧರಿಸುವುದು ಹರಿವಿನ ಪ್ರಮಾಣವನ್ನು. ಎಲ್ಲ ನಳಗಳೂ ಬಂದ್ ಆಗಿ ನೀರು ನಿಂತಿರುವಾಗಿನ ಒತ್ತಡಕ್ಕೆ ಸ್ಥಿರ ಒತ್ತಡ ಎಂದೂ, ನೀರು ಹರಿಯುತ್ತಿರುವಾಗಿನದಕ್ಕೆ ಹರಿವಿನ ಒತ್ತಡ ಎಂದೂ ಹೆಸರು. ಹರಿಯುವಾಗ ಪೈಪಿನ ಗೋಡೆಗೆ ಉಜ್ಜಿಕೊಂಡು ಒತ್ತಡದ ಒಂದು ಭಾಗ ಖರ್ಚಾಗುವುದರಿಂದ ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ ಇರುತ್ತದೆ. ಪೈಪನ್ನು ದಣಿಸುವುದು ಸ್ಥಿರ ಒತ್ತಡ, ಮತ್ತು ಅದು ಅತ್ಯಂತ ಹೆಚ್ಚಾಗುವುದು ಇಡೀ ಊರು ನಳ ಬಂದ್ ಮಾಡಿ ಮಲಗಿರುವ ರಾತ್ರಿಯಲ್ಲಿ.

ಎಷ್ಟಿದ್ದರೆ ಸಾಕು ಎಂಬುದಕ್ಕೆ ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಸಚಿವಾಲಯದ 1999ರ ನೀರು ಪೂರೈಕೆ ಕೈಪಿಡಿಯಲ್ಲಿ ಒಂದು ಮಾನದಂಡ ದೊರೆಯುತ್ತದೆ. ಒಂದಂತಸ್ತಿನ ಮನೆಗಳಿಗೆ ಕನಿಷ್ಠ 7 ಮೀಟರ್ ನೀರಿನ ಎತ್ತರದಷ್ಟು, ಎರಡಂತಸ್ತಿಗೆ 12 ಮೀಟರಿನಷ್ಟು ಒತ್ತಡ ಉಳಿಯಬೇಕು ಎಂದು ಹೇಳುವ ಆ ಕೈಪಿಡಿ, ವಿತರಣಾ ಜಾಲವನ್ನು ಸಾಮಾನ್ಯವಾಗಿ 22 ಮೀಟರಿಗಿಂತ ಹೆಚ್ಚಿನ ಒತ್ತಡಕ್ಕೆ ರೂಪಿಸಬಾರದು ಎಂದೂ ಹೇಳುತ್ತದೆ. ಅಮೆರಿಕದ ಪ್ಲಂಬಿಂಗ್ ನಿಯಮಗಳು ಮನೆಯೊಳಗೆ 80 ಪಿಎಸ್‌ಐ, ಅಂದರೆ ಸುಮಾರು 5.6 ಕೆಜಿ ಮೀರಿದರೆ ಒತ್ತಡ ತಗ್ಗಿಸುವ ವಾಲ್ವನ್ನು ಕಡ್ಡಾಯ ಮಾಡುತ್ತವೆ. ಅಲ್ಲಿನ ಆ ಅಂಕಿಯನ್ನು ಇಲ್ಲಿಗೆ ತಂದು ಎಲ್ಲ ಮನೆಗಳಿಗೂ ಅಂಥ ವಾಲ್ವ್ ಬೇಕೆಂದು ಮಾರುವವರ ಮಾತನ್ನು ಅಳತೆ ಮಾಡದೆ ಒಪ್ಪಬೇಕಾಗಿಲ್ಲ.

ನಾಲ್ಕು ತಾಲ್ಲೂಕು, ಬೇರೆ ಬೇರೆ ನೆಲ

ನವಲಗುಂದದ ಕಡೆಯ ಬೆಣ್ಣಿಹಳ್ಳದ ಬಯಲಿನಲ್ಲಿರುವ ಸಪಾಟು ಊರುಗಳಲ್ಲಿ ಪಂಚಾಯ್ತಿಯ ಮೇಲ್ಮಟ್ಟದ ಟಾಕಿಯ ನೀರು ನೆಲದಿಂದ 15 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಮನೆಯ ನಳದಲ್ಲಿ ಸ್ಥಿರ ಒತ್ತಡ ಒಂದೂವರೆ ಕೆಜಿಯನ್ನು ದಾಟಲಾರದು, ಮತ್ತು ಅಷ್ಟು ಒತ್ತಡದಿಂದ ಸರಿಯಾಗಿ ಜೋಡಿಸಿದ ಯಾವ ಪೈಪಿಗೂ ಧಕ್ಕೆಯಿಲ್ಲ. ಕಲಘಟಗಿಯ ಲೆಕ್ಕ ಬೇರೆ. ಬೇಡ್ತಿಯ ಕಣಿವೆಯ ಕಡೆಗೆ ಇಳಿಯುವ ಈ ಅರೆಮಲೆನಾಡಿನಲ್ಲಿ ಟಾಕಿಯನ್ನು ದಿಬ್ಬದ ಮೇಲೆ ಕಟ್ಟಿ, ಊರಿನ ಒಂದು ಓಣಿ ಇಳಿಜಾರಿನಲ್ಲಿ 25 ಮೀಟರ್ ಕೆಳಗೆ ಇದ್ದರೆ, ಅದೇ 15 ಮೀಟರಿನ ಟಾಕಿ ಆ ಓಣಿಯ ಮನೆಗಳಿಗೆ 40 ಮೀಟರಿನದಾಗಿ, ರಾತ್ರಿ 4 ಕೆಜಿ ಒತ್ತಡವನ್ನು ಹೇರುತ್ತದೆ. ಹಲವು ಹಳ್ಳಿಗಳಿಗೆ ಒಂದೇ ಮೂಲದಿಂದ ನೀರು ಕೊಡುವ ಬಹುಗ್ರಾಮ ಯೋಜನೆಗಳಲ್ಲಿ, ಊರ ಟಾಕಿಗೆ ಹೋಗುವ ಮುಖ್ಯ ಕೊಳವೆಯಿಂದ ನಡುದಾರಿಯಲ್ಲೇ ಸಂಪರ್ಕ ಪಡೆದ ಮನೆಗಳಿಗೆ ಪಂಪಿನ ಒತ್ತಡ ನೇರವಾಗಿ ತಟ್ಟುತ್ತದೆ. ಇಂಥ ಸಂಪರ್ಕ ನಿಯಮಕ್ಕೆ ವಿರುದ್ಧವಾದದ್ದು ಮಾತ್ರವಲ್ಲ, ಮನೆಯ ಪೈಪಿಗೂ ಅಪಾಯಕಾರಿ.

ಕಲಘಟಗಿಯ ಕಡೆ ಹೆಚ್ಚಾಗಿ ಕಾಣುವ ಸ್ವಂತ ಕೊಳವೆ ಬಾವಿಗಳದು ಇನ್ನೊಂದು ಬಗೆ. ನೀರಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು ಹರಿವು ಪೂರ್ತಿ ತಡೆದಾಗ ಎಷ್ಟು ಎತ್ತರದವರೆಗೆ ನೀರನ್ನು ತಳ್ಳಬಲ್ಲದೋ ಅದನ್ನು ಅದರ ಗರಿಷ್ಠ ಹೆಡ್ ಎನ್ನುತ್ತಾರೆ, ಪಂಪಿನ ಮೇಲಿನ ಪಟ್ಟಿಯಲ್ಲಿ ಅದು ಬರೆದಿರುತ್ತದೆ. ಗರಿಷ್ಠ ಹೆಡ್ 100 ಮೀಟರ್ ಇದ್ದು, ಬೇಸಿಗೆಯಲ್ಲಿ ಬಾವಿಯ ನೀರು 70 ಮೀಟರ್ ಕೆಳಗಿದ್ದರೆ, ವಾಲ್ವ್ ಬಂದ್ ಇದ್ದಾಗ ನೆಲಮಟ್ಟದ ಪೈಪಿಗೆ 30 ಮೀಟರ್, ಅಂದರೆ 3 ಕೆಜಿ ಮಾತ್ರ ಉಳಿಯುತ್ತದೆ. ಮಳೆಗಾಲ ಕಳೆದು ನೀರು 20 ಮೀಟರಿಗೆ ಏರಿದರೆ ಅದೇ ಪಂಪು ಅದೇ ಪೈಪಿಗೆ 8 ಕೆಜಿ ಒತ್ತಡ ಹಾಕುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾಗಿದ್ದ ಪೈಪು ಒಳ್ಳೆಯ ಮಳೆಯಾದ ವರ್ಷ ದೀಪಾವಳಿಯ ಹೊತ್ತಿಗೆ ಒಡೆಯುವುದು ಇದರಿಂದಲೇ. ಆದ್ದರಿಂದ ಪಂಪಿನಿಂದ ಮಾಳಿಗೆಯ ಟಾಕಿಗೆ ಹೋಗುವ ಪೈಪಿನಲ್ಲಿ ಪೂರ್ತಿ ಬಂದ್ ಮಾಡಬಹುದಾದ ವಾಲ್ವ್ ಇರದಂತೆ ನೋಡಿಕೊಳ್ಳುವುದು ಲೇಸು.

ಇನ್ನೊಂದು ಕಾರಣ ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಬಹಳ ಕಾಲ ಊರುಗಳ ನಳಗಳಿಗೆ ತಿರುಪೇ ಇರಲಿಲ್ಲ; ನೀರು ಬಿಟ್ಟ ದಿನ ಪೈಪಿನ ಬಾಯಿಗೆ ಕೊಡ ಹಿಡಿಯುವುದು, ತುಂಬಿದ ಮೇಲೆ ನೀರು ಗಟಾರಿಗೆ ಹರಿಯುವುದು ನಡೆದೇ ಇತ್ತು. ಹಾಗೆ ತೆರೆದ ಬಾಯಿಗಳೇ ಇಡೀ ಜಾಲದ ಒತ್ತಡವನ್ನು ಇಳಿಸಿ ಇಟ್ಟಿದ್ದವು. ಪ್ರತಿ ಮನೆಗೂ ನಳ ಬಂದು, ನೀರು ಬಿಡುವ ಅವಧಿ ಹೆಚ್ಚಿ, ಎಲ್ಲರೂ ನಳವನ್ನು ಸರಿಯಾಗಿ ಬಂದ್ ಮಾಡತೊಡಗಿದರೆ ಅದೇ ಟಾಕಿಯಿಂದ ಬರುವ ಒತ್ತಡ ಮನೆಯೊಳಗೆ ಮೊದಲಿಗಿಂತ ಹೆಚ್ಚಾಗುತ್ತದೆ.

ಒಡೆಯುವುದು ಹೊಡೆತಕ್ಕೆ

ಸಮನಾಗಿ ನಿಂತಿರುವ ಒತ್ತಡಕ್ಕಿಂತ ಕ್ಷಣಮಾತ್ರ ಏರಿ ಇಳಿಯುವ ಒತ್ತಡವೇ ಪೈಪುಗಳ ದೊಡ್ಡ ಶತ್ರು. ಓಡುತ್ತಿರುವ ನೀರನ್ನು ಒಮ್ಮೆಲೇ ತಡೆದಾಗ ಅದರ ವೇಗವೆಲ್ಲ ಒತ್ತಡವಾಗಿ ಮಾರ್ಪಟ್ಟು ಪೈಪಿನುದ್ದಕ್ಕೂ ಅಲೆಯಾಗಿ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಇದನ್ನು ಎಂಜಿನಿಯರುಗಳು ವಾಟರ್ ಹ್ಯಾಮರ್ ಎಂದು ಕರೆಯುತ್ತಾರೆ, ಕನ್ನಡದಲ್ಲಿ ಜಲಾಘಾತ ಎನ್ನಬಹುದು. ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್ಸ್ಕಿ 19ನೆಯ ಶತಮಾನದ ಕೊನೆಯಲ್ಲಿ ಮಾಸ್ಕೋದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಲೆಕ್ಕವನ್ನು ಖಚಿತಪಡಿಸಿದನು. ಆ ಲೆಕ್ಕದಂತೆ ಸೆಕೆಂಡಿಗೆ 1 ಮೀಟರ್ ವೇಗದ ನೀರು ಥಟ್ಟನೆ ನಿಂತರೆ, ಗಡಸಾದ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನಲ್ಲಿ ಸುಮಾರು 12 ಕೆಜಿಯಷ್ಟೂ, ಸ್ವಲ್ಪ ಹಿಗ್ಗಬಲ್ಲ ಪಿವಿಸಿ ಪೈಪಿನಲ್ಲಿ ಸುಮಾರು 3ರಿಂದ 4 ಕೆಜಿಯಷ್ಟೂ ಒತ್ತಡ ಇದ್ದುದರ ಮೇಲೆ ಹೆಚ್ಚುತ್ತದೆ. ಪೈಪು ಉದ್ದವಾದಷ್ಟೂ ಹೊಡೆತ ತಪ್ಪಿಸಲು ಹೆಚ್ಚು ಸಮಯ ಬೇಕು. ಓಣಿಯ ಅರ್ಧ ಕಿಲೋಮೀಟರಿನ ಪಿವಿಸಿ ಲೈನಿನ ವಾಲ್ವನ್ನು ಮೂರು ಸೆಕೆಂಡಿನೊಳಗೆ ಬಂದ್ ಮಾಡಿದರೆ ಹೊಡೆತ ಪೂರ್ತಿ ಬೀಳುತ್ತದೆ. ಅದೇ ವಾಲ್ವನ್ನು ವಾಟರ್‌ಮನ್ ಒಂದೆರಡು ನಿಮಿಷ ತೆಗೆದುಕೊಂಡು ತಿರುವಿದರೆ ಏನೂ ಆಗುವುದಿಲ್ಲ. ಮನೆಯೊಳಗಿನ ಪೈಪು ಚಿಕ್ಕದಾದ್ದರಿಂದ ಅಲ್ಲಿ ಇಷ್ಟು ದೊಡ್ಡ ಹೊಡೆತ ಅಪರೂಪ. ಆದರೂ ಕಾಲು ಸುತ್ತಿಗೆ ಬಂದ್ ಆಗುವ ಲಿವರ್ ನಳಗಳು ಹಳೆಯ ತಿರುಪಿನ ನಳಗಳಿಗಿಂತ ಪೈಪಿಗೆ ಹೆಚ್ಚು ಪೆಟ್ಟು ಕೊಡುತ್ತವೆ ಎಂಬುದು ನೆನಪಿರಬೇಕು.

ದಿನ ಬಿಟ್ಟು ದಿನವೋ ಅದಕ್ಕಿಂತ ಅಪರೂಪಕ್ಕೋ ನೀರು ಬಿಡುವ ಊರುಗಳಲ್ಲಿ ಗಾಳಿಯ ಕಾಟವೂ ಸೇರುತ್ತದೆ. ಖಾಲಿ ಪೈಪಿನಲ್ಲಿ ತುಂಬಿಕೊಂಡ ಗಾಳಿಯನ್ನು ಮುಂದೆ ನೂಕುತ್ತ ನೀರು ರಭಸದಿಂದ ಬರುತ್ತದೆ, ಗಾಳಿ ನಳದಿಂದ ಬುಸ್ಸೆಂದು ಹೊರಬಿದ್ದ ಕೂಡಲೇ ಹಿಂದಿನ ನೀರು ಕಿರಿದಾದ ಬಾಯಿಗೆ ಬಂದು ಅಪ್ಪಳಿಸುತ್ತದೆ. ನೀರು ಬರುವ ಹೊತ್ತಿಗೆ ಮನೆಯ ಮುಖ್ಯ ವಾಲ್ವನ್ನು ಕಾಲುಭಾಗ ಮಾತ್ರ ತೆರೆದಿಟ್ಟು, ಅತಿ ಎತ್ತರದ ಒಂದು ನಳವನ್ನು ಗಾಳಿ ಹೋಗುವವರೆಗೆ ಬಿಟ್ಟಿರುವುದರಿಂದ ಈ ಪೆಟ್ಟು ಬಹಳ ಕಡಿಮೆಯಾಗುತ್ತದೆ, ಖರ್ಚೂ ಇಲ್ಲ.

ಇದಲ್ಲದೆ ಎರೆ ಮಣ್ಣು ತಾನೇ ಪೈಪನ್ನು ಎಳೆದಾಡುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುವ ಈ ನೆಲದಲ್ಲಿ, ಅಂಟು ಹಾಕಿ ಕೂಡಿಸಿದ ಗಡಸು ಪೈಪಿನ ಕೀಲುಗಳು ಮೊದಲೇ ಬಿಗಿತದಲ್ಲಿರುತ್ತವೆ, ಒತ್ತಡದ ಸಣ್ಣ ಹೊಡೆತವೂ ಅವನ್ನು ಬಿಡಿಸಿಬಿಡುತ್ತದೆ. ನೆಲದೊಳಗಿನ ಭಾಗಕ್ಕೆ ಬಾಗಬಲ್ಲ ಪಾಲಿಥಿಲೀನ್ ಪೈಪನ್ನು ಬಳಸಿ, ಸುತ್ತ ಒಂದು ಗೇಣು ಉಸುಕು ತುಂಬಿಸಿ ಎರೆ ಮಣ್ಣಿನಿಂದ ಬೇರ್ಪಡಿಸುವುದು ಒಳ್ಳೆಯದು. ಸವಳು ನೆಲದಲ್ಲಿ ಜಿಐ ಪೈಪು ಹೊರಗಿನಿಂದಲೇ ತುಕ್ಕು ಹಿಡಿಯುವುದರಿಂದ ನವಲಗುಂದದ ಕಡೆ ಅದನ್ನು ಹೂಳದಿರುವುದೇ ವಾಸಿ.

ಅಳತೆ ಮೊದಲು

ಅಳೆಯುವ ಸಾಧನ ಸರಳವಾದದ್ದು. ಸೊನ್ನೆಯಿಂದ 7 ಅಥವಾ 10 ಕೆಜಿವರೆಗಿನ ಪ್ರೆಷರ್ ಗೇಜ್ ಮತ್ತು ಅದನ್ನು ಅರ್ಧ ಇಂಚಿನ ನಳಕ್ಕೆ ಕೂಡಿಸುವ ಜೋಡಣೆ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ; ಓಣಿಗೆ ಒಂದಿದ್ದರೂ ಸಾಕು. ಮನೆಯ ಎಲ್ಲ ನಳಗಳನ್ನೂ ಬಂದ್ ಮಾಡಿ, ಮುಖ್ಯ ಲೈನಿಗೆ ಅತಿ ಹತ್ತಿರದ ನಳಕ್ಕೆ ಗೇಜನ್ನು ಹಾಕಿ, ನೀರು ಬಿಟ್ಟ ದಿನ ಮೊದಲ ಹತ್ತು ನಿಮಿಷ, ನಡುವೆ ಒಮ್ಮೆ, ಕೊನೆಗೆ ಓಣಿಯವರೆಲ್ಲ ತುಂಬಿಕೊಂಡ ಮೇಲೆ ಒಮ್ಮೆ ನೋಡಬೇಕು. ನಿರಂತರ ನೀರು ಬರುವ ಕಡೆ ನಡುರಾತ್ರಿಯ ಅಂಕಿ ಮುಖ್ಯ. ಮುಳ್ಳು 3 ಕೆಜಿಯ ಒಳಗೆ ನಿಂತರೆ ಒತ್ತಡದ ಕಡೆಯಿಂದ ಚಿಂತೆಯಿಲ್ಲ, ದೋಷವನ್ನು ಬೇರೆಡೆ ಹುಡುಕಬೇಕು. 3ರಿಂದ 5ರ ನಡುವೆ ಇದ್ದರೆ ಮುಂದೆ ಹೇಳುವ ಕ್ರಮಗಳು ಲಾಭದಾಯಕ. 5 ಮೀರಿದರೆ ಅವು ಅನಿವಾರ್ಯ. ಮುಳ್ಳು ನಿಲ್ಲದೆ ಜಿಗಿದಾಡುತ್ತಿದ್ದರೆ ಅದು ಗಾಳಿಯ ಅಥವಾ ಪಂಪಿನ ಲಕ್ಷಣ.

ಇಲ್ಲಿ ಬಹಳ ಮಂದಿ ಮಾಡುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು. ಒತ್ತಡ ಹೆಚ್ಚಾಯಿತೆಂದು ಮುಖ್ಯ ವಾಲ್ವನ್ನು ಅರ್ಧ ಬಂದ್ ಮಾಡಿ ಬಿಡುವುದರಿಂದ ನಳದಲ್ಲಿ ನೀರು ಸಣ್ಣಗೆ ಬರುತ್ತದೆ, ನೋಡುವವರಿಗೆ ಒತ್ತಡ ಇಳಿದಂತೆ ಕಾಣುತ್ತದೆ. ಆದರೆ ಎಲ್ಲ ನಳಗಳನ್ನೂ ಬಂದ್ ಮಾಡಿದ ಕೂಡಲೇ ಆ ಕಿರಿದಾದ ಸಂದಿನಿಂದಲೇ ಒತ್ತಡ ಒಳಗೆ ಸೇರಿ ಕೆಲವೇ ಕ್ಷಣಗಳಲ್ಲಿ ವಾಲ್ವಿನ ಎರಡೂ ಬದಿಗೆ ಸಮನಾಗುತ್ತದೆ, ಗೇಜು ಮೊದಲಿನ ಅಂಕಿಯನ್ನೇ ತೋರಿಸುತ್ತದೆ. ಅರ್ಧ ತೆರೆದ ವಾಲ್ವ್ ಹರಿವನ್ನೂ ಹರಿವಿನ ಹೊಡೆತವನ್ನೂ ತಗ್ಗಿಸುತ್ತದೆ, ಸ್ಥಿರ ಒತ್ತಡವನ್ನು ಎಳ್ಳಷ್ಟೂ ತಗ್ಗಿಸದು.

ಟಾಕಿಯೇ ಮೊದಲ ಮದ್ದು

ಈ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಮನೆಗಳಿಗೆ ಅತ್ಯುತ್ತಮ ಒತ್ತಡ ನಿಯಂತ್ರಕವೆಂದರೆ ಮಾಳಿಗೆಯ ಮೇಲಿನ, ಗಾಳಿಗೆ ತೆರೆದ ಟಾಕಿ, ಜನರ ಮಾತಿನಲ್ಲಿ ಸಿಂಟೆಕ್ಸ್. ಹೊರಗಿನ ಲೈನಿನಲ್ಲಿ 2 ಕೆಜಿ ಇರಲಿ 6 ಕೆಜಿ ಇರಲಿ, ನೀರು ಟಾಕಿಗೆ ಬಿದ್ದೊಡನೆ ಆ ಒತ್ತಡವೆಲ್ಲ ಕಳೆದುಹೋಗಿ, ಮನೆಯ ನಳಗಳಿಗೆ ಟಾಕಿಯ ಎತ್ತರದಷ್ಟು ಮಾತ್ರ, ಅಂದರೆ 4 ಮೀಟರಿಗೆ 0.4 ಕೆಜಿಯಂತೆ ಒತ್ತಡ ಉಳಿಯುತ್ತದೆ. ನೀರು ಬಾರದ ದಿನಗಳಿಗೆ ಸಂಗ್ರಹವೂ ಆಗುವುದರಿಂದ ಒಂದೇ ಖರ್ಚಿಗೆ ಎರಡು ಕೆಲಸ. ಬಟ್ಟೆ ಒಗೆಯುವ ಯಂತ್ರಗಳು ಬಹುಪಾಲು 0.3ರಿಂದ 0.5 ಕೆಜಿ ಒತ್ತಡವನ್ನಾದರೂ ಬೇಡುವುದರಿಂದ ಟಾಕಿಯ ತಳ ನಳಕ್ಕಿಂತ 3ರಿಂದ 5 ಮೀಟರ್ ಮೇಲಿರಬೇಕು. ಆದರೆ 1000 ಲೀಟರಿನ ಟಾಕಿ ತುಂಬಿದಾಗ ಒಂದು ಟನ್ ಮೀರಿ ತೂಗುತ್ತದೆ. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳು ತೊಲೆ, ಜಂತಿಗಳ ಮೇಲೆ ನಿಂತಿರುವುದರಿಂದ ಅಂಥ ಭಾರವನ್ನು ಅವುಗಳ ಮೇಲೆ ಎಂದೂ ಇಡಬಾರದು. ಪಕ್ಕದಲ್ಲಿ ಕಲ್ಲಿನ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಬೇರೆಯಾಗಿಯೇ ನಿಲ್ಲಿಸಬೇಕು. ಊರ ಲೈನಿನ ನೀರು ಬೀಳುವ ಟಾಕಿಗೆ, ಅದು ತುಂಬಿದಾಗ ನೀರನ್ನು ನಿಲ್ಲಿಸುವ ತೇಲುವ ಗುಂಡಿನ ವಾಲ್ವನ್ನು ಕೊಳ್ಳುವಾಗ ಹೈ ಪ್ರೆಷರ್ ಎಂದು ನಮೂದಿಸಿದ್ದನ್ನೇ ಕೇಳಿ ಪಡೆಯಬೇಕು, ಅಗ್ಗದ ಪ್ಲಾಸ್ಟಿಕ್ ವಾಲ್ವ್ ಎರಡು ಕೆಜಿ ದಾಟಿದರೆ ನೀರನ್ನು ತಡೆಹಿಡಿಯಲಾರದೆ ಮಾಳಿಗೆಯನ್ನೇ ತೋಯಿಸುತ್ತದೆ.

ಬಿಸಿಲಿಗೆ ಬಿದ್ದ ಪೈಪಿನ ಬಗೆಗೂ ಒಂದು ಮಾತು. ಪ್ಲಾಸ್ಟಿಕ್ ಪೈಪಿನ ಮೇಲೆ ಬರೆದಿರುವ ಒತ್ತಡದ ಅಂಕಿ ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು. ಕಾದಷ್ಟೂ ಅದರ ತಾಳಿಕೆ ಕುಸಿಯುತ್ತದೆ. ಬಿಸಿನೀರಿಗೆಂದೇ ಮಾಡಿದ, ದಪ್ಪ ಬಗೆಯ ಸಿಪಿವಿಸಿ ಪೈಪು ತಂಪಿನಲ್ಲಿ 28 ಕೆಜಿ ತಾಳಿದರೆ 82 ಡಿಗ್ರಿಯಲ್ಲಿ ತಾಳುವುದು 7 ಕೆಜಿ ಮಾತ್ರ. ಬಿಳಿ ಯುಪಿವಿಸಿಯನ್ನು ಬಿಸಿನೀರಿಗೆ ಬಳಸಲೇಬಾರದು, ಮಾಳಿಗೆಯ ಮೇಲಿನ ಪೈಪಿಗೆ ಸುಣ್ಣವನ್ನಾದರೂ ಬಳಿದಿಡಬೇಕು.

ಒತ್ತಡ ತಗ್ಗಿಸುವ ವಾಲ್ವ್

ನೇರವಾಗಿ ಲೈನಿನಿಂದಲೇ ನಳಗಳಿಗೆ ನೀರು ಹಾಯಿಸಿಕೊಂಡ ಮನೆಯಲ್ಲಿ ಗೇಜು 4–5 ಕೆಜಿ ತೋರಿಸುತ್ತಿದ್ದರೆ ಅಂಗಡಿಗಳಲ್ಲಿ ಪಿಆರ್‌ವಿ ಎಂದು ಕೇಳಿ ಪಡೆಯುವ ಒತ್ತಡ ತಗ್ಗಿಸುವ ವಾಲ್ವ್ ಬೇಕಾಗುತ್ತದೆ. ಹಿತ್ತಾಳೆಯ ಈ ವಾಲ್ವಿನೊಳಗೆ ಒಂದು ಸ್ಪ್ರಿಂಗ್ ಮತ್ತು ರಬ್ಬರಿನ ಪೊರೆ ಇದ್ದು, ಮನೆಯ ಕಡೆಯ ಒತ್ತಡ ನಿಗದಿತ ಮಟ್ಟಕ್ಕೆ ಏರಿದೊಡನೆ ಪೊರೆ ಸ್ಪ್ರಿಂಗನ್ನು ಎತ್ತಿ ದಾರಿಯನ್ನು ಮುಚ್ಚುತ್ತದೆ, ನಳ ತೆರೆದು ಒತ್ತಡ ಇಳಿದರೆ ಸ್ಪ್ರಿಂಗ್ ಮತ್ತೆ ದಾರಿ ಬಿಡುತ್ತದೆ. ಹೀಗಾಗಿ ಅರ್ಧ ತೆರೆದ ವಾಲ್ವಿನಿಂದ ಆಗದ ಕೆಲಸ, ಅಂದರೆ ಸ್ಥಿರ ಒತ್ತಡವನ್ನು ತಗ್ಗಿಸುವುದು, ಇದರಿಂದ ಆಗುತ್ತದೆ. ಮೀಟರಿನ ನಂತರ, ಮನೆಯ ಪೈಪು ಕವಲೊಡೆಯುವ ಮೊದಲು, ದೇಹದ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೆ ಇರುವಂತೆ ಇದನ್ನು ಕೂಡಿಸಬೇಕು. ಹಿಂದೆ ಜಾಲರಿ ಇರುವ ಸೋಸುಕವೊಂದು, ಎರಡೂ ಬದಿಗೆ ಬಂದ್ ಮಾಡುವ ವಾಲ್ವ್, ಮುಂದೆ ಒಂದು ಗೇಜು ಇದ್ದರೆ ಮುಂದಿನ ದುರಸ್ತಿಗೆ ಇಡೀ ಲೈನನ್ನು ಬಿಚ್ಚಬೇಕಾಗುವುದಿಲ್ಲ. ಮೇಲಿನ ಲಾಕ್ ನಟ್ ಸಡಿಲಿಸಿ ತಿರುಪನ್ನು ಎಡಕ್ಕೆ ತಿರುವಿದರೆ ಒತ್ತಡ ಇಳಿಯುತ್ತದೆ, ಬಲಕ್ಕೆ ತಿರುವಿದರೆ ಏರುತ್ತದೆ. ಎರಡರಿಂದ ಎರಡೂವರೆ ಕೆಜಿಗೆ ನಿಲ್ಲಿಸಿ, ನಳವನ್ನು ಒಮ್ಮೆ ತೆರೆದು ಬಂದ್ ಮಾಡಿ, ಗೇಜಿನ ಮುಳ್ಳು ಅಲ್ಲಿಯೇ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಬಂದ್ ಇದ್ದಾಗಲೂ ಮುಳ್ಳು ನಿಧಾನವಾಗಿ ಏರುತ್ತ ಹೋದರೆ ಒಳಗಿನ ಆಸನದಲ್ಲಿ ಕಸ ಸಿಕ್ಕಿರುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ಗೀಜರ್ ಇದ್ದರೆ ಪಿಆರ್‌ವಿ ಹಾಕುವ ಮುನ್ನ ಇನ್ನೊಂದನ್ನು ವಿಚಾರಿಸಬೇಕು. 15 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಕಾಯಿಸಿದಾಗ ಅದು ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಮೊದಲು ಆ ಹೆಚ್ಚಿನ ನೀರು ಹಿಂದಕ್ಕೆ ಲೈನಿಗೆ ಸರಿದುಹೋಗುತ್ತಿತ್ತು. ಪಿಆರ್‌ವಿ ಅಥವಾ ಹಿಮ್ಮುಖ ತಡೆಯುವ ವಾಲ್ವ್ ಬಂದ ಮೇಲೆ ದಾರಿ ಸಿಗದೆ ಒತ್ತಡ ಏರಿ ಗೀಜರಿನ ಸುರಕ್ಷಾ ವಾಲ್ವ್ ತೊಟ್ಟಿಕ್ಕತೊಡಗುತ್ತದೆ. ಆ ತೊಟ್ಟಿಕ್ಕುವಿಕೆ ಮನೆಯವರನ್ನು ಕಾಯುತ್ತಿರುವ ವ್ಯವಸ್ಥೆ. ಅದಕ್ಕೆ ಬಿರಡೆ ಹೊಡೆಯುವುದು ಗೀಜರನ್ನೇ ಸಿಡಿಸುವ ಕೆಲಸ. ಗಾಜಿನ ಕೊಳವೆಗಳಿರುವ ಸಾಮಾನ್ಯ ಸೋಲಾರ್ ಹೀಟರುಗಳ ಸ್ಥಿತಿ ಇನ್ನೂ ಸೂಕ್ಷ್ಮ. ರಬ್ಬರ್ ರಿಂಗುಗಳ ಮೇಲೆ ನಿಂತ ಅವುಗಳ ಟಾಕಿಗೆ ತಣ್ಣೀರು ಪಕ್ಕದ ಸಣ್ಣ ಟಾಕಿಯಿಂದ ಕೆಲವೇ ಅಡಿ ಎತ್ತರದಿಂದ ಬರಬೇಕು, ಗಾಳಿಯಾಡುವ ಕೊಳವೆ ತೆರೆದಿರಬೇಕು. ಲೈನಿಗೆ ನೇರವಾಗಿ ಜೋಡಿಸಿದರೆ ಸೋರಿಕೆ ಖಂಡಿತ. ಆರ್‌ಒ ಯಂತ್ರಗಳು ತಾಳುವ ಒತ್ತಡವನ್ನು ಅವುಗಳ ಕೈಪಿಡಿಯಲ್ಲಿ ನೋಡಿ, ಅಗತ್ಯವಿದ್ದರೆ ಅವುಗಳಿಗೆಂದೇ ಸಿಗುವ ಸಣ್ಣ ಪಿಆರ್‌ವಿಯನ್ನು ಕೂಡಿಸಬೇಕು.

ಕಡಿಮೆ ಮಾಡುವುದಕ್ಕೂ ಒಂದು ಮಿತಿ

ಒತ್ತಡ ತಗ್ಗಿಸುವುದರಿಂದ ಸೋರಿಕೆಯೂ ಇಳಿಯುತ್ತದೆ. ಪ್ಲಾಸ್ಟಿಕ್ ಪೈಪಿನ ಬಿರುಕು ಒತ್ತಡಕ್ಕೆ ತಕ್ಕಂತೆ ಅಗಲವಾಗುವುದರಿಂದ ಒತ್ತಡ ಅರ್ಧವಾದರೆ ಸೋರುವ ನೀರು ಹಲವು ಸಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಹಾಗೆಂದು ಲೈನಿನಲ್ಲಿ ಒತ್ತಡವೇ ಇರದಿರುವುದು ಒಳ್ಳೆಯದಲ್ಲ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ವೇಳೆಗೆ ದಿನದ 24 ಗಂಟೆಯೂ ನೀರು ಬರತೊಡಗಿದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಆ ವಾರ್ಡುಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿ ಅಧ್ಯಯನ ನಡೆಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ, ಅದರಲ್ಲಿಯೂ ಮೊದಲು ಬರುವ ನೀರಿನಲ್ಲಿ ಮತ್ತು ಒತ್ತಡ ಕುಸಿದ ಹೊತ್ತಿನಲ್ಲಿ, ಮಲಿನತೆಯ ಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚಾಗಿರುವುದು 2013 ಮತ್ತು 2014ರಲ್ಲಿ ಪ್ರಕಟವಾದ ಅವರ ಲೇಖನಗಳಿಂದ ತಿಳಿದುಬರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದ ಪೈಪು ಸಡಿಲ ಕೀಲುಗಳ ಮೂಲಕ ಗಟಾರಿನ ನೀರನ್ನು ಹೀರಿಕೊಳ್ಳುತ್ತದೆ. ಲೈನಿಗೆ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುವ ಪದ್ಧತಿಯ ಕೆಟ್ಟ ಪರಿಣಾಮ ಇದೇ: ನೆರೆಮನೆಯ ನೀರಿನ ಜೊತೆಗೆ ಓಣಿಯ ಕೊಳೆಯೂ ಒಳಗೆ ಬರುತ್ತದೆ.

ಒಂದು ಓಣಿಯ ಹತ್ತಾರು ಮನೆಗಳಲ್ಲಿ ಗೇಜು 4 ಕೆಜಿ ಮೀರಿ ತೋರಿಸುತ್ತಿದ್ದರೆ ಪ್ರತಿ ಮನೆಯವರೂ ಪಿಆರ್‌ವಿ ಕೊಳ್ಳುವುದು ಹಣದ ವ್ಯರ್ಥ. ಆ ಓಣಿಗೆ ಹೋಗುವ ಲೈನಿನ ಆರಂಭದಲ್ಲಿಯೇ ದೊಡ್ಡ ಪಿಆರ್‌ವಿಯನ್ನು ಹಾಕಿಸುವುದು, ಇಳಿಜಾರಿನ ಊರಾದರೆ ನಡುವೆ ಒತ್ತಡ ಮುರಿಯುವ ಚಿಕ್ಕ ತೊಟ್ಟಿಯನ್ನು ಕಟ್ಟಿಸುವುದು ಗ್ರಾಮ ಪಂಚಾಯ್ತಿಯ ಕೆಲಸ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದೆ ಬಾಯಿಮಾತಿನ ದೂರಿಗಿಂತ ಮನೆವಾರು, ಸಮಯವಾರು ಬರೆದಿಟ್ಟ ಗೇಜಿನ ಅಂಕಿಗಳಿಗೆ ತೂಕ ಹೆಚ್ಚು. ಹಾಕಿದ ವಾಲ್ವಿನ ಸೋಸುಕವನ್ನು ಕಾಲುವೆಯ ಕೆಂಪು ನೀರು ಕೆರೆಗೆ ಬರುವ ಮಳೆಗಾಲದಲ್ಲಿ ತಿಂಗಳಿಗೊಮ್ಮೆಯೂ, ಉಳಿದ ಕಾಲದಲ್ಲಿ ಮೂರು ತಿಂಗಳಿಗೊಮ್ಮೆಯೂ ಬಿಚ್ಚಿ ತೊಳೆಯಬೇಕಾಗುತ್ತದೆ.